ಸ್ವೀಡನ್ನಿನ ಮೊಳೆ, ಸಾವರ್ಡೆಯ ಧೂಳು

ಆದದ್ದು ಇಷ್ಟೇ. ನನ್ನ ಮೊಮ್ಮಗಳು ಭಾಗ್ಯಾ ಆಕಾಶದಲ್ಲಿ ಧೂಳು ಮೆತ್ತಿಕೊಂಡಿದ್ದ ಒಂದು ವಸ್ತುವನ್ನು ನೋಡಿ, ಅದಕ್ಕೆ ವಯಸ್ಸಾಗಿದೆ ಅಂತ ತಿಳಿದಳು. ಹಾಗೆಯೇ ಪುಸ್ತಕ ಬರೆದಳು. ಪುಸ್ತಕ ಅಚ್ಚಾಗಿ ಬಂದ ಮೇಲೆ ತಪ್ಪು ಗೊತ್ತಾಯಿತು. ಸುಮ್ಮನಿದ್ದುಬಿಡು ಅಂತ ನಾನು ಹೇಳಿದೆ. ಅವಳು ಕೇಳಲಿಲ್ಲ. ಉಳಿದದ್ದೆಲ್ಲ ಬರೀ ಚಳಿ.

ಪರದೇಶಕ್ಕೆ ಹೋಗಿ ಬಂದೆ ಅಂತ ಓಣಿಯವರು ಬಂದು ಕೂರುತ್ತಾರೆ. ಅರಮನೆ ನೋಡಿದೆಯಾ, ಹಿಮ ನೋಡಿದೆಯಾ ಅಂತ ಕೇಳುತ್ತಾರೆ. ನಾನು ನೋಡಿದ್ದು ಒಂದು ಗೋಡೆ, ಒಂದು ಸುತ್ತಿಗೆ, ಒಂದು ಮೊಳೆ. ಪರೀಕ್ಷೆ ಪಾಸಾದಳೇನು ಅಂತ ಕೇಳುವವರಿಗೆ ಈಗಲೇ ಹೇಳಿಬಿಡುತ್ತೇನೆ, ಪಾಸಾದಳು. ಅದು ನಾನು ತಿರುಗಿ ಬಂದ ಮೇಲಿನ ಮಾತು. ನನ್ನ ಎದುರಿಗೆ ನಡೆದದ್ದು ಬೇರೆ.

ಸಾವರ್ಡೆ

ಮೊದಲು ನಮ್ಮ ಧೂಳಿನ ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಲೆಗೆ ಹೋಗುವುದಿಲ್ಲ. ನಾವು ಸಿಂದಗಿ ಕಡೆಯವರು. ಮದುವೆಯಾದ ವರ್ಷವೇ ಗಂಡನ ಹಿಂದೆ ಗೋವಾಕ್ಕೆ ಬಂದೆ. ಆತ ಅದಿರಿನ ಗಣಿಯಲ್ಲಿ ದುಡಿದ. ನಾನು ಸಾವರ್ಡೆಯಿಂದ ಕುಡಚಡೆಗೆ ಹೋಗುವ ರಸ್ತೆಯ ಬದಿಗೆ ತಗಡಿನ ಚಪ್ಪರ ಹಾಕಿ, ಟ್ರಕ್ಕಿನವರಿಗೆ ಜೋಳದ ರೊಟ್ಟಿ, ಕಾಳಿನ ಪಲ್ಯ ಮಾಡಿ ಹಾಕಿದೆ. ಆಗ ಅದಿರಿನ ಟ್ರಕ್ಕುಗಳು ಒಂದರ ಹಿಂದೊಂದು ಇರುವೆ ಸಾಲಿನ ಹಾಗೆ ಹೋಗುತ್ತಿದ್ದವು. ಧೂಳು ಅಂದರೆ ಸಾಮಾನ್ಯ ಧೂಳಲ್ಲ, ಇಟ್ಟಂಗಿ ಕುಟ್ಟಿ ತೂರಿದ ಹಾಗೆ ಕೆಂಪು. ಮರ ಕೆಂಪು, ಬಿಳಿ ನಾಯಿ ಕೆಂಪು, ಒಣಗಲು ಹಾಕಿದ ಧೋತರ ಕೆಂಪು. ಸಾಲು ಜೋರಾಗಿ ಹೋಗುವಾಗ ನಡುಮಧ್ಯಾಹ್ನದ ಸೂರ್ಯನೂ ಮುಳುಗುವ ಸೂರ್ಯನ ಹಾಗೆ ಕಾಣುತ್ತಿದ್ದ.

ಆ ಧೂಳಿನೊಳಗೆ ಹೊಸ ಟ್ರಕ್ಕು ಯಾವುದು, ಹಳೆಯದು ಯಾವುದು ಬ್ರಹ್ಮನಿಗೂ ತಿಳಿಯುತ್ತಿರಲಿಲ್ಲ. ಊಟದ ಹೊತ್ತಿಗೆ ಬಂದ ಪ್ರತಿಯೊಬ್ಬ ಡ್ರೈವರೂ "ಅವ್ವಾ, ನಸುಕಿನ್ಯಾಗಿಂದ ಗಾಡಿ ಹೊಡ್ಯಾಕತ್ತೇನಿ, ನನಗ ಮೊದ್ಲ ಹಾಕು" ಅನ್ನುವವನೇ. ಅರ್ಧಕ್ಕರ್ಧ ಮಂದಿ ಮರದ ಬುಡದಲ್ಲಿ ಮಲಗಿ ಎದ್ದು ಬಂದವರು. ಅದಕ್ಕೆ ನಾನೊಂದು ಪದ್ಧತಿ ಮಾಡಿಕೊಂಡಿದ್ದೆ. ಬಾನೆಟ್ಟಿನ ಮೇಲೆ ಕೈ ಇಟ್ಟು ನೋಡುವುದು. ಬಿಸಿ ಇದ್ದರೆ ದುಡಿದು ಬಂದವನು, ಅವನಿಗೆ ಮೊದಲ ರೊಟ್ಟಿ. ತಣ್ಣಗಿದ್ದರೆ ಕೂತು ಕಾಯಲಿ. ಭಾಗ್ಯಾ ಚಿಕ್ಕವಳಿದ್ದಾಗ ಶಾಲೆ ಬಿಟ್ಟು ನೇರ ಚಪ್ಪರಕ್ಕೇ ಬರುತ್ತಿದ್ದಳು. ಹೋಗಿ ಮುಟ್ಟಿ ಬಾ ಅಂದರೆ ಓಡಿ ಹೋಗಿ ಬಂದು, "ಆಯಿ, ಮೂರನೇದ ಸುಡಾಕತ್ತೈತಿ, ಉಳಿದಾವೆಲ್ಲಾ ಸುಳ್ಳ" ಅಂತ ಎಲ್ಲರ ಎದುರಿಗೆ ಒದರುತ್ತಿದ್ದಳು. ಇಲ್ಲಿಯ ಕೊಂಕಣಿಯವರಿಗೆ ಆಯಿ ಅಂದರೆ ತಾಯಿ. ನಮ್ಮ ಮನೆಯಲ್ಲಿ ತಾಯಿಯ ತಾಯಿ.

ಈಗ ಗಣಿ ಮೊದಲಿನ ಹಾಗಿಲ್ಲ, ಚಪ್ಪರವೂ ಹೋಯಿತು, ಗಂಡನೂ ಹೋದ. ಅಳಿಯ ಹಣಮಂತ ಅದಿರಿನ ಟ್ರಕ್ಕು ಬಿಟ್ಟು ಕಾಣಕೋಣದಲ್ಲಿ ಪ್ರವಾಸಿಗಳ ಬಸ್ಸು ಓಡಿಸುತ್ತಾನೆ. ಭಾಗ್ಯಾ ಮಾತ್ರ ಓದುತ್ತ ಓದುತ್ತ ಸ್ವೀಡನ್ ದೇಶ ಮುಟ್ಟಿದಳು. ನಕ್ಷತ್ರದ ಓದು. ಮೂರನೇ ಇಯತ್ತೆ ಕಲಿತ ನಾನು ಅದರಲ್ಲಿ ಬಾಯಿ ಹಾಕಿರಲಿಲ್ಲ.

"ಆಯಿ, ನನ್ನ ಪುಸ್ತಕದ ಕಾರ್ಯ ಐತಿ. ಮನಿಯವ್ರು ಒಬ್ಬರರ ಇರಬೇಕು, ಬಾ" ಅಂತ ಫೋನ್ ಮಾಡಿದಳು. ಅವಳ ತಾಯಿ ಕಸ್ತೂರಿಗೆ ಬಸ್ಸಿನಲ್ಲೇ ವಾಂತಿ, ವಿಮಾನ ಎಲ್ಲಿಯದು. ಹಣಮಂತನಿಗೆ ಸೀಸನ್ ಬಿಟ್ಟು ಕದಲಲು ಆಗುವುದಿಲ್ಲ. ಉಳಿದವಳು ನಾನು. "ಪರೀಕ್ಷಾಕ್ಕ ಬರ್ತೇನಿ, ಒಮ್ಮೆಲೇ ಎರಡೂ ಆಕ್ಕಾವು" ಅಂದೆ. ಬೇಡವಂತೆ. ಅಲ್ಲಿ ಪರೀಕ್ಷೆಯ ದಿನ ಬೇರೆ ದೇಶದಿಂದ ಒಬ್ಬ ಎದುರಾಳಿಯನ್ನು ಕರೆಸುತ್ತಾರಂತೆ. ಎಲ್ಲರ ಮುಂದೆ ಪುಸ್ತಕದಲ್ಲಿ ಹುಳುಕು ಹುಡುಕುವುದೇ ಅವನ ಕೆಲಸ. "ನೀ ಅವನ ಕೂಡ ಜಗಳಕ್ಕ ನಿಂದರ್ತೀ" ಅಂದಳು. ನಿಲ್ಲುತ್ತಿದ್ದೆ, ಅದು ಖರೆ.

ವಿಮಾನ ನಿಲ್ದಾಣ

ಕೈಚೀಲದಲ್ಲಿ ಎರಡು ಸ್ಟೀಲ್ ಡಬ್ಬಿ ಇಟ್ಟುಕೊಂಡಿದ್ದೆ. ಒಂದರಲ್ಲಿ ಕೆಂಪು ಕಾರದ ಪುಡಿ, ಒಂದರಲ್ಲಿ ಕುಂಕುಮ. ತಪಾಸಣೆಯ ಹುಡುಗಿ ಎರಡನ್ನೂ ತೆಗೆಸಿ ಪಕ್ಕಪಕ್ಕದಲ್ಲಿ ಇಟ್ಟಳು. "ಮಾತಾಜೀ, ಯೇ ಕ್ಯಾ ಹೈ?" ಅಂದಳು. ಇದು ತಿನ್ನುವುದು, ಇದು ಹಚ್ಚುವುದು ಅಂದೆ. ಅಷ್ಟರಲ್ಲಿ ಅವಳು ಮುಚ್ಚಳ ಅದಲುಬದಲು ಮಾಡಿದ್ದಳು. ಬಣ್ಣ ನೋಡಿದರೆ ಎರಡೂ ಒಂದೇ. ದೊಡ್ಡ ಸಾಹೇಬರನ್ನು ಕರೆಸಿದರು. ಅವರು ಗಂಭೀರವಾಗಿ ಒಂದು ಡಬ್ಬಿಗೆ ಮೂಗು ಹಿಡಿದರು. ಅದು ಕಾರದ ಪುಡಿ. ಸಾಲಿನಲ್ಲಿದ್ದ ನಾಲ್ಕು ಮಂದಿಯೂ ಸೇರಿ ಸೀನಿದರು. "ಈಗ ಗೊತ್ತಾತಲ್ರಿ, ಉಳಿದದ್ದು ಕುಂಕುಮ" ಅಂತ ಕನ್ನಡದಲ್ಲೇ ಹೇಳಿದೆ. ಕಾರದ ಪುಡಿ ಅಲ್ಲೇ ಉಳಿಯಿತು. ಕುಂಕುಮ ನನ್ನ ಜೊತೆ ಬಂತು. ಇದನ್ನು ನೆನಪಿಡಿ, ಮುಂದೆ ಬರುತ್ತದೆ.

ತೊಳೆಯುವ ಕೋಣೆ

ಆ ಊರಿನಲ್ಲಿ ಸೈಕಲ್ ಹೆಚ್ಚು, ಮಾತು ಕಡಿಮೆ. ಬಸ್ಸಿಗೆ ಕಾಯುವವರು ಒಬ್ಬರಿಗೊಬ್ಬರು ಎತ್ತಿನ ಜೋಡಿ ಹಾಯುವಷ್ಟು ದೂರ ನಿಲ್ಲುತ್ತಾರೆ. ನಾನು ಹತ್ತಿರ ಹೋಗಿ ನಿಂತೆ, ಆ ಹೆಣ್ಣುಮಗಳು ಎರಡು ಹೆಜ್ಜೆ ಸರಿದಳು. ನಾನೂ ಸರಿದೆ, ಅವಳು ಮತ್ತೆ ಸರಿದಳು. ಹೀಗೇ ಮುಂದಿನ ಸ್ಟಾಪು ಮುಟ್ಟುತ್ತಿದ್ದೆವೇನೋ, ಭಾಗ್ಯಾ ಸೆರಗು ಹಿಡಿದು ಜಗ್ಗಿದಳು. ಮನೆಯೊಳಗೆ ಚಪ್ಪಲಿ ಬಿಟ್ಟು ಬರುತ್ತಾರೆ, ಅದೊಂದು ಚಲೋ. ಮಧ್ಯಾಹ್ನ ನಾಲ್ಕಕ್ಕೇ ಕತ್ತಲಾಗುತ್ತದೆ, ಅದಕ್ಕೆ ಯಾರನ್ನು ಬೈಯುವುದು ಗೊತ್ತಾಗಲಿಲ್ಲ.

ಇಡೀ ಕಟ್ಟಡಕ್ಕೆ ಬಟ್ಟೆ ತೊಳೆಯಲು ನೆಲದಡಿ ಒಂದೇ ಕೋಣೆ. ಗೋಡೆಗೆ ಒಂದು ಹಲಗೆ. ಯಾರ ಪಾಳಿ ಯಾವಾಗ ಅಂತ ಅದರಲ್ಲಿ ಮೊದಲೇ ಗುರುತು ಮಾಡಬೇಕು. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಯಂತ್ರ ಖಾಲಿ ಇತ್ತು, ಎರಡು ಸೀರೆ ಹಾಕಿದೆ. ಸಂಜೆ ಬಾಗಿಲಿಗೆ ಒಂದು ಚೀಟಿ ಅಂಟಿತ್ತು. ಭಾಗ್ಯಾ ಓದಿ ಹೇಳಿದಳು: ಪ್ರೀತಿಯ ನೆರೆಯವರೇ, ಇಂದು ನನ್ನ ಪಾಳಿಯಲ್ಲಿ ಬೇರೆಯವರ ಬಟ್ಟೆ ಕಂಡು ನನಗೆ ಬೇಸರವಾಯಿತು. ಕೆಳಗೆ ನಗುವ ಮುಖದ ಚಿತ್ರ ಬೇರೆ.

"ಬೇಸರ ಆದ್ರ ಬಂದು ಬೈಯಬೇಕಿಲ್ಲೋ? ಎದುರಿನ ಬಾಗಲಾನ ಐತಿ."

"ಇಲ್ಲೆ ಯಾರೂ ಮಾರಿ ನೋಡಿ ಬೈಯಂಗಿಲ್ಲ ಆಯಿ. ಚೀಟಿ ಬರೀತಾರ."

ನಮ್ಮ ಓಣಿಯ ನಲ್ಲಿಯ ಮುಂದೆ ಪಾಳಿ ತಪ್ಪಿದರೆ ಕೊಡ ಹಾರುತ್ತವೆ, ಸಂಜೆಗೆ ಇಬ್ಬರೂ ಸೇರಿ ಚಹ ಕುಡಿಯುತ್ತೇವೆ. ಇಲ್ಲಿ ನಗುವ ಮುಖ ಬರೆದು ವರ್ಷಗಟ್ಟಲೆ ಸಿಟ್ಟು ಇಟ್ಟುಕೊಳ್ಳುತ್ತಾರೋ ಏನೋ. ಭಾಗ್ಯಾ ತಿರುಗಿ ಒಂದು ಚೀಟಿ ಬರೆದು ಎದುರು ಬಾಗಿಲಿಗೆ ಅಂಟಿಸಿದಳು. ಏನು ಬರೆದೆ ಅಂದೆ. "ತಪ್ಪು ನಮ್ಮ ಅಜ್ಜೀದು, ಕ್ಷಮಿಸ್ರಿ ಅಂತ ಬರದೇನಿ. ನಿನ್ನ ಹೆಸರೂ ಹಾಕೇನಿ."

"ನನ್ನ ಹೆಸರ ಯಾಕ ಹಾಕಿದಿ? ಮಿಷನ್ ಖಾಲಿ ಇತ್ತಿಲ್ಲೋ?"

"ಇತ್ತು. ಪಾಳಿ ನಮ್ದಲ್ಲ."

ನನ್ನ ಹೆಸರು ಕೆಳಗೆ ಹಾಕಿ ತಪ್ಪು ಅಂತ ಬರೆದ ಕಾಗದ ಅದೇ ಮೊದಲು. ಅವಳ ಕೂಡ ಅಂದು ರಾತ್ರಿ ಊಟದ ತನಕ ಮಾತಾಡಲಿಲ್ಲ.

ಆಫೀಸು

ಮರುದಿನ ತನ್ನ ಆಫೀಸಿಗೆ ಕರೆದುಕೊಂಡು ಹೋದಳು. ದುರ್ಬೀನು ಎಲ್ಲಿ ಅಂದೆ. ಇಲ್ಲಿಲ್ಲ, ಬೇರೆ ದೇಶದ ಗುಡ್ಡದ ಮೇಲಿದೆಯಂತೆ. ಇಲ್ಲಿರುವುದು ಕಂಪ್ಯೂಟರು ಮತ್ತು ಕಾಫಿ. ದಿನಕ್ಕೆರಡು ಸಲ ಎಲ್ಲರೂ ಕೆಲಸ ಬಿಟ್ಟು ಕಾಫಿ ಕುಡಿಯಲು ಹೋಗುತ್ತಾರೆ, ಹೋಗದಿದ್ದರೆ ಏನಾಯಿತು ಅಂತ ಕೇಳುತ್ತಾರೆ. ಅವಳಿಗೆ ಕಲಿಸುವ ಹೆಣ್ಣುಮಗಳು ನನಗಿಂತ ಸ್ವಲ್ಪ ಚಿಕ್ಕವಳು, ಹೆಸರು ಬಿರ್ಗಿಟ್ಟಾ. ಭಾಗ್ಯಾ ಅಷ್ಟು ದೊಡ್ಡವಳನ್ನು ಬರೀ ಹೆಸರು ಹಿಡಿದು ಕರೆಯುತ್ತಾಳೆ. ನಾನು ಬಿರ್ಗಿಟ್ಟವ್ವಾರ ಅಂದೆ. ಅವರಿಗೆ ಹಿಡಿಸಿತು.

ನಾಲ್ಕು ವರ್ಷ ಏನು ಮಾಡಿದೆ, ನನಗೆ ತಿಳಿಯುವ ಹಾಗೆ ಹೇಳು ಅಂತ ಭಾಗ್ಯಾಳನ್ನು ಕೂರಿಸಿದೆ. ಅವಳು ಹೇಳಿದ್ದು ಇದು. ಕೋಟಿಗಟ್ಟಲೆ ನಕ್ಷತ್ರಗಳು ಸೇರಿದ ಒಂದು ಗುಂಪಿಗೆ ಗ್ಯಾಲಕ್ಸಿ ಅನ್ನುತ್ತಾರೆ. ಭಾಳ ದೂರದ ಗ್ಯಾಲಕ್ಸಿಯಲ್ಲಿ ಒಂದೊಂದು ನಕ್ಷತ್ರ ಬೇರೆ ಬೇರೆ ಕಾಣುವುದಿಲ್ಲ. ಎಲ್ಲದರ ಬೆಳಕೂ ಕಲಸಿ ಒಂದು ಚುಕ್ಕೆಯಾಗಿ ಬರುತ್ತದೆ. ಆ ಕಲಸಿದ ಬೆಳಕಿನಿಂದ, ಯಾವ ಕಾಲಕ್ಕೆ ಎಷ್ಟು ನಕ್ಷತ್ರ ಹುಟ್ಟಿದವು ಅಂತ ಹೇಳಬೇಕು.

"ಅಂದ್ರ ಸಾರು ಕುಡದು, ಯಾವ ಕಾಳು ಯಾವಾಗ ಹಾಕಿದ್ರು ಅಂತ ಹೇಳೂದು" ಅಂದೆ.

"ಹೌದು. ಹೊಸಾ ನಕ್ಷತ್ರದಾಗ ದೊಡ್ಡವು ನೀಲಿ ಇರ್ತಾವ. ಲಗೂನ ಉರದು ಸಾಯ್ತಾವ. ಹಳೇವು ಕೆಂಪು, ಅವು ಭಾಳ ದಿನಾ ಉಳೀತಾವ. ಬೆಳಕಿನ್ಯಾಗ ನೀಲಿ ಇದ್ರ ಅಲ್ಲೆ ಇನ್ನೂ ಹುಟ್ಟಾಕತ್ತಾವು ಅಂತ ಅರ್ಥ. ಬರೀ ಕೆಂಪಿದ್ರ ಹುಟ್ಟೂದು ನಿಂತೈತಿ. ಅದಕ್ಕ ಸತ್ತ ಗ್ಯಾಲಕ್ಸಿ ಅಂತಾರ."

"ಮತ್ತ ಕಷ್ಟ ಏನೈತಿ ಇದರಾಗ?"

"ಧೂಳು" ಅಂದಳು.

ಅಲ್ಲೂ ಧೂಳು. ನಕ್ಷತ್ರಗಳ ನಡುವೆ ಧೂಳು ಇರುತ್ತದಂತೆ. ಅದು ನೀಲಿ ಬೆಳಕನ್ನು ಹೆಚ್ಚು ನುಂಗುತ್ತದೆ, ಕೆಂಪನ್ನು ಬಿಡುತ್ತದೆ. ಹೊಸ ನಕ್ಷತ್ರಗಳು ತುಂಬಿದ್ದರೂ ಮುಂದೆ ಧೂಳಿದ್ದರೆ ಗ್ಯಾಲಕ್ಸಿ ಕೆಂಪಾಗಿ, ಹಳೆಯದಾಗಿ ಕಾಣುತ್ತದೆ. ಕಂಪ್ಯೂಟರಿನಲ್ಲಿ ಇಷ್ಟು ಹಳೆಯದು, ಇಷ್ಟು ಹೊಸದು, ಇಷ್ಟು ಧೂಳು ಅಂತ ಸಾವಿರ ನಮೂನೆ ಕಲಸಿ, ಯಾವುದರ ಬಣ್ಣ ಹೊಂದುತ್ತದೆ ಅಂತ ನೋಡುತ್ತಾರೆ. ಒಮ್ಮೊಮ್ಮೆ ಎರಡು ಬೇರೆ ಬೇರೆ ಕಲಸಾಟಕ್ಕೆ ಒಂದೇ ಬಣ್ಣ ಬರುತ್ತದೆ. ನನಗೆ ವಿಮಾನ ನಿಲ್ದಾಣದ ಎರಡು ಡಬ್ಬಿ ನೆನಪಾದವು.

"ನಮ್ಮ ಅಪ್ಪಂದೂ ಇದ ಕಥಿ ಅಲ್ಲೇನ ಆಯಿ?" ಅಂತ ಭಾಗ್ಯಾ ನಕ್ಕಳು. ಬಿರ್ಗಿಟ್ಟವ್ವ ಏನು ಅಂತ ಕೇಳಿದರು. ಹೇಳಬೇಡ ಅಂದೆ, ಹೇಳೇಬಿಟ್ಟಳು.

ಕಥೆ ಇಷ್ಟು. ಕಸ್ತೂರಿಯನ್ನು ನೋಡಲು ಹಣಮಂತ ಬಂದದ್ದು ಅದಿರು ಇಳಿಸಿ ನೇರ ಟ್ರಕ್ಕಿನಿಂದ. ರಜೆ ಕೊಟ್ಟಿರಲಿಲ್ಲ. ತಲೆ, ಹುಬ್ಬು, ಮೀಸೆ ಎಲ್ಲ ಧೂಳು ಹಿಡಿದು ಮುದುಕರು ನರೆಗೆ ಮದರಂಗಿ ಹಚ್ಚಿದ ಹಾಗೆ ಕೆಂಪಾಗಿದ್ದವು, ಮುಖದ ಗೆರೆಯಲ್ಲೆಲ್ಲ ಕೆಂಪು ಕೂತಿತ್ತು. ಚಾಪೆಯ ಮೇಲೆ ಹಿರಿಯರು ಕೂತಿದ್ದರು, ಅವನ ತಾಯಿಯೂ ಇದ್ದಳು. "ಈ ಮುದುಕಗ ನನ್ನ ಮಗಳನ್ನ ಕೊಡಂಗಿಲ್ಲ" ಅಂತ ನಾನು ಎಲ್ಲರ ಎದುರಿಗೆ ಅಂದೆ. ಅವನಿಗೆ ಆಗ ಇಪ್ಪತ್ಮೂರು. ಎದ್ದು ಹೋದ, ನಲ್ಲಿಯ ಕೆಳಗೆ ಕೂತು ತಿಕ್ಕಿ ತಿಕ್ಕಿ ತೊಳೆದುಕೊಂಡು ಬಂದ. ಕರಿ ಕೂದಲಿನ ಹುಡುಗ. ಮದುವೆ ಆಯಿತು. ತಪ್ಪಾಯಿತು ಅಂತ ನಾನು ಅಂದಿಲ್ಲ. ಯಾಕೆ ಅನ್ನಬೇಕು? ಮುದುಕನ ಹಾಗೆ ಕಂಡ, ಕಂಡದ್ದನ್ನು ಹೇಳಿದೆ. ಇಂದಿಗೂ ಮನೆಗೆ ಬಂದರೆ "ಮುದುಕ ಬಂದೇನ್ರೀ ಅತ್ತಿ" ಅಂತಲೇ ಒಳಗೆ ಬರುತ್ತಾನೆ.

ಬಿರ್ಗಿಟ್ಟವ್ವ ನಗಲಿಲ್ಲ. ಹೌದು, ಇದೇ, ಅನ್ನುವ ಹಾಗೆ ತಲೆ ಆಡಿಸಿದರು. ನನಗೆ ಹುರುಪು ಬಂತು. ನನ್ನ ಬಾನೆಟ್ಟಿನ ಪದ್ಧತಿಯನ್ನೂ ಹೇಳಿಸಿದೆ. ಬಣ್ಣ ನೋಡಬೇಡಿ, ಶಾಖ ನೋಡಿ, ಒಳಗೆ ದುಡಿತ ನಡೆದಿದ್ದರೆ ಧೂಳಿನ ಮೇಲೂ ಕೈಗೆ ಹತ್ತುತ್ತದೆ ಅಂತ. ಇಷ್ಟು ದೂರ ಬಂದು ಇವರಿಗೂ ಒಂದು ಮಾತು ಕಲಿಸಿದೆ ಅಂತ ಕೂತಿದ್ದೆ. ಅವರು ಕಾಫಿ ಮುಗಿಸಿ ಏನೋ ಅಂದರು.

"ಏನಂದ್ರು?"

"ಹೌದು, ನಾವು ಭಾಳ ವರ್ಷದಿಂದ ಹಂಗ ಮಾಡ್ತೀವಿ ಅಂದ್ರು. ಧೂಳು ಬೆಳಕು ನುಂಗಿ ಬಿಸಿ ಆಕ್ಕೈತಿ. ಆ ಬಿಸಿ ಹಿಡ್ಯಾಕ ಬ್ಯಾರೆ ನಮೂನಿ ದುರ್ಬೀನ ಅದಾವ, ಹಿಟ್ಟು ನಾದೂ ದೊಡ್ಡ ಪರಾತ ಇದ್ದಾಂಗ."

ಆ ಪರಾತದಿಂದ ತನ್ನ ಗ್ಯಾಲಕ್ಸಿಯನ್ನೂ ನೋಡಿ ಅಂತ ಭಾಗ್ಯಾ ಹೋದ ವರ್ಷವೇ ಅರ್ಜಿ ಹಾಕಿದ್ದಳಂತೆ. ಮೋಡ, ಗಾಳಿ, ಪಾಳಿ ಅಂತ ಇನ್ನೂ ಆಗಿರಲಿಲ್ಲ. ಪುಸ್ತಕದ ಕೊನೆಯ ಅಧ್ಯಾಯ ಪೂರ್ತಿ ಆ ಒಂದು ಗ್ಯಾಲಕ್ಸಿಯ ಮೇಲೆ. ಇಷ್ಟು ಬೇಗ ಸತ್ತ ಗ್ಯಾಲಕ್ಸಿ ಅಪರೂಪವಂತೆ. ಆ ಅಧ್ಯಾಯ ನೋಡಿಯೇ ಇನ್ನೊಂದು ದೇಶದವರು ಅವಳಿಗೆ ಕೆಲಸ ಕೊಡುತ್ತೇವೆ ಅಂದಿದ್ದರು. "ಅಳತಿ ಬಂದು ತಣ್ಣಗೈತಿ ಅಂತ ಗೊತ್ತಾದ್ರ ಮುಗೀತು, ಯಾರೂ ತುಟಿ ಬಿಚ್ಚಂಗಿಲ್ಲ" ಅಂದಳು. ಗೋಡೆಗೆ ಒತ್ತಿ ಪುಸ್ತಕದ ಪೆಟ್ಟಿಗೆಗಳಿದ್ದವು. ಹೊಸ ಕಾಗದದ ವಾಸನೆ.

"ನಾಡದ ಮೊಳಿ ಹೊಡೀತೀವಿ" ಅಂದಳು.

"ಯಾವುದಕ್ಕ?"

"ಪುಸ್ತಕಕ್ಕ."

ಅದು ಈ ದೇಶದ ಪದ್ಧತಿ. ಪರೀಕ್ಷೆಗೆ ಮೂರು ವಾರ ಇರುವಾಗ ಬರೆದ ಪುಸ್ತಕಕ್ಕೆ ತೂತು ಕೊರೆದು, ಎಲ್ಲರೂ ಓಡಾಡುವ ಗೋಡೆಗೆ ಮೊಳೆ ಹೊಡೆದು ತೂಗಿಬಿಡುತ್ತಾರೆ. ಯಾರು ಬೇಕಾದರೂ ಓದಲಿ, ತಪ್ಪು ಹುಡುಕಲಿ ಅಂತ. ಕಾರ್ಯ ಕಾರ್ಯ ಅಂತ ಕರೆಸಿದ್ದು ಇದಕ್ಕೆ. ನಾವು ಪುಸ್ತಕಕ್ಕೆ ಕಾಲು ತಾಗಿದರೆ ಮುಟ್ಟಿ ನಮಸ್ಕಾರ ಮಾಡುವವರು. ನಾಲ್ಕು ವರ್ಷದ ಸರಸ್ವತಿಗೆ ಮೊಳೆ ಹೊಡೆಯುವುದನ್ನು ನೋಡಲು ನಾನು ಸಮುದ್ರ ದಾಟಿ ಬಂದಿದ್ದೆ.

ಮೊಳೆಯ ಹಿಂದಿನ ದಿನ

ಮಧ್ಯಾಹ್ನ ಮೂರಕ್ಕೇ ಮನೆಗೆ ಬಂದಳು. ಕೋಟು ಬಿಚ್ಚಲಿಲ್ಲ. ನಾನು ಜೋಳದ ಹಿಟ್ಟು ನಾದಿಕೊಂಡು ಆ ಗಾಜಿನಂಥ ಒಲೆಯ ಮೇಲೆ ರೊಟ್ಟಿ ಹಾಕಿದ್ದೆ. ಪಕ್ಕದ ಕುರ್ಚಿಯಲ್ಲಿ ಕುಕ್ಕರಿಸಿದಳು.

"ಏನಾತು?"

"ಬಾನೆಟ್ ಬಿಸಿ ಐತಿ ಆಯಿ."

"ಯಾರದು?"

"ನನ್ನ ಗ್ಯಾಲಕ್ಸೀದು. ಪರಾತದಿಂದ ಅಳತಿ ಬಂತು. ಸುಡಾಕತ್ತೈತಿ. ಸತ್ತಿಲ್ಲ ಅದು. ಧೂಳು ಮುಚ್ಚೈತಿ. ಒಳಗ ಹುಟ್ಟಾಕತ್ತಾವು, ಭಾಳ ಹುಟ್ಟಾಕತ್ತಾವ."

"ಮತ್ತ ನಿನ್ನ ಕಂಪ್ಯೂಟರ ಯಾಕ ಸತ್ತೈತಿ ಅಂತು?"

ತಲೆ ತಗ್ಗಿಸಿದಳು. "ಇಷ್ಟಕ್ಕಿಂತ ಹೆಚ್ಚ ಧೂಳು ಇರಂಗಿಲ್ಲ ಅಂತ ನಾನ ಮೊದ್ಲ ಅದಕ್ಕ ಹೇಳಿಕೊಟ್ಟಿದ್ದೆ. ಅದು ಅದರಾಗ ಹುಡುಕ್ತು. ಉಳಿದ ಕೆಂಪಿಗೆ ವಯಸ್ಸಾಗೇತಿ ಅಂತ ಅಂತು."

ನನಗೆ ಪಿತ್ತ ನೆತ್ತಿಗೇರಿತು. "ಸಾವರ್ಡ್ಯಾಗ ಹುಟ್ಟಿದಾಕಿ ನೀನು! ನಿನ್ನ ತೊಟ್ಟಿಲದ ಮ್ಯಾಲ ಧೂಳು ಝಾಡಿಸಿದ್ದು ನಾನು. ಧೂಳು ಇಷ್ಟಕ್ಕಿಂತ ಹೆಚ್ಚ ಇರಂಗಿಲ್ಲ ಅಂತ ನೀ ಹೆಂಗ ಅಂದಿ?"

"ಎಲ್ಲಾರೂ ಅಷ್ಟ ಇಡ್ತಾರ. ನಾನೂ ಇಟ್ಟೆ."

ಯಾರಿಗೆ ಗೊತ್ತಾಗಿದೆ ಅಂತ ಕೇಳಿದೆ. ಯಾರಿಗೂ ಇಲ್ಲ. ಬಿರ್ಗಿಟ್ಟವ್ವನಿಗೂ ಇನ್ನೂ ಹೇಳಿಲ್ಲ. ಅರ್ಜಿ ಹಾಕಿದವರಿಗೆ ಒಂದು ವರ್ಷ ಆ ಅಳತೆ ಸ್ವಂತದ್ದು, ಆಮೇಲೆ ಎಲ್ಲರಿಗೂ ಬಿಡುತ್ತಾರಂತೆ.

"ಮತ್ಯಾಕ ಮಾರಿ ಸಣ್ಣ ಮಾಡ್ತಿ? ನಾಳೆ ಮೊಳಿ ಹೊಡಿ. ಪರೀಕ್ಷಾ ಮುಗಸು. ಆ ಕೆಲಸಕ್ಕ ಹೋಗಿ ಕುಂಡ್ರು. ಮುಂದಿನ ವರ್ಷ, ಅಯ್ಯ, ಈಗ ಗೊತ್ತಾತು ಅಂತ ಅನ್ನು. ಗ್ಯಾಲಕ್ಸಿ ಬಂದು ನಿನ್ನ ಕುತ್ತಿಗಿ ಹಿಡಿತೈತೇನು?"

ನಾನು ತಮಾಷೆಗೆ ಅಂದದ್ದಲ್ಲ. ಕೈಗೆ ಬಂದ ಕೆಲಸ ಅದು. ಈ ಹುಡುಗಿ ನಾಲ್ಕು ವರ್ಷ ಈ ಕತ್ತಲಲ್ಲಿ ಕೂತು ದುಡಿದಿದ್ದಾಳೆ. ಬಾಯಿ ಮುಚ್ಚಿಕೊಂಡಿರುವುದೂ ಒಂದು ಕೆಲಸವೇ, ಬಡವರು ಅದನ್ನು ಚೆನ್ನಾಗಿ ಕಲಿತಿರುತ್ತಾರೆ.

ಅವಳು ಕುರ್ಚಿಯನ್ನು ನನ್ನ ಕಡೆ ತಿರುಗಿಸಿದಳು. "ಅಪ್ಪ ನಿನ್ನ ಮನಿಗೆ ಬರೂ ಮುಂಚೆ ಯಾಕ ಜಳಕಾ ಮಾಡಿ ಬರ್ತಾನ ಗೊತ್ತೇನ?"

"ಸ್ವಚ್ಛ ಮನಷ್ಯಾ. ಅದಕ್ಕ."

"ಅಲ್ಲ. ನೀ ಮುದುಕ ಅಂದಿಯಲ್ಲ, ಅವತ್ತಿಂದ. ಡ್ಯೂಟಿಯಿಂದ ಸೀದಾ ಒಮ್ಮೆನೂ ಬಂದಿಲ್ಲ ಅಂವ. ಮುತ್ತ್ಯಾ ಸತ್ತ ದಿನ ಸುದ್ದಿ ಬಂದಾಗ ಅದಿರಿನ ಲೈನ್ ಮ್ಯಾಲಿದ್ದ. ಕುಡಚಡಿ ನಳದ ಕೆಳಗ ಕುಂತು ತಲಿ ತಿಕ್ಕೊಂಡು ಬಂದ. ಬರೂದ್ರಾಗ ನೀವು ಹೆಣಾ ಎತ್ತಿದ್ರಿ. ನನಗ ಹೇಳ್ಯಾನ. ನಿನಗ ಹೇಳಬ್ಯಾಡ ಅಂದಿದ್ದ."

ಮಾವನ ಮಣ್ಣಿಗೆ ಹೊತ್ತಿಗೆ ಸರಿಯಾಗಿ ಬರದ ಅಳಿಯ ಅಂತ ನಾನು ಎಷ್ಟು ಮನೆಯಲ್ಲಿ ಕೂತು ಹೇಳಿದ್ದೇನೆ, ಲೆಕ್ಕವಿಲ್ಲ. ಅವನ ಎದುರಿಗೂ ಹೇಳಿದ್ದೇನೆ. ಒಮ್ಮೆಯೂ ಅವನು ತುಟಿ ಎರಡು ಮಾಡಲಿಲ್ಲ.

ಹಂಚಿನ ಮೇಲಿನ ರೊಟ್ಟಿ ಹೊತ್ತಿ ಹೊಗೆ ಎದ್ದಿತು. ಛಾವಣಿಗೆ ಬಡಿದಿದ್ದ ಒಂದು ಬಿಳಿ ಡಬ್ಬಿ ಹೆಣ್ಣುಮಕ್ಕಳು ಚೀರಿದ ಹಾಗೆ ಚೀರತೊಡಗಿತು. ಭಾಗ್ಯಾ ಕುರ್ಚಿ ಹತ್ತಿ ಟವೆಲ್ ಬೀಸಿದಳು, ನಾನು ಕಿಟಕಿ ತೆರೆದೆ, ಚಳಿ ಒಳಗೆ ಬಂತು. ಒಂದು ರೊಟ್ಟಿ ಹೊತ್ತಿದ್ದಕ್ಕೆ ಊರಿಗೆಲ್ಲ ಸುದ್ದಿ ಮಾಡುವ ದೇಶ.

ಡಬ್ಬಿ ಸುಮ್ಮನಾದ ಮೇಲೆ ಅವಳು ಬಿರ್ಗಿಟ್ಟವ್ವನಿಗೆ ಫೋನ್ ಮಾಡಿ ಎಲ್ಲ ಹೇಳಿದಳು. ಏನು ಮಾಡು ಅಂದರು ಅಂತ ಕೇಳಿದೆ. "ಪುಸ್ತಕ ನಿನ್ನದು, ನೀನ ವಿಚಾರ ಮಾಡು ಅಂದ್ರು." ಹಿರಿಯರಾದವರು ಹೀಗೆ ಮಾಡು ಅಂತ ಒಂದು ಮಾತು ಹೇಳಬಾರದೇ? ಈ ದೇಶದಲ್ಲಿ ಯಾರೂ ಯಾರಿಗೂ ಏನೂ ಹೇಳುವುದಿಲ್ಲ. ಮೊಳೆ ಮುಂದಕ್ಕೆ ಹಾಕಿದರೆ ಪರೀಕ್ಷೆಯೂ ತಿಂಗಳುಗಟ್ಟಲೆ ಮುಂದೆ ಹೋಗುತ್ತದೆ. ಹಾಗೇ ಹೊಡೆದರೆ ಸುಳ್ಳು ತೂಗುತ್ತದೆ. ಉಳಿದ ದಾರಿ ಒಂದೇ. ತಪ್ಪು ಏನು ಅಂತ ಚೀಟಿಯಲ್ಲಿ ಅಚ್ಚು ಹಾಕಿ ಪ್ರತಿ ಪುಸ್ತಕದಲ್ಲೂ ಅಂಟಿಸುವುದು. ಎದುರಾಳಿ ಅದನ್ನೇ ಹಿಡಿದು ಕೂರುತ್ತಾನೆ. ಕೆಲಸ ಕೊಡುವವರೂ ಓದುತ್ತಾರೆ.

ಅವಳು ಕೂತು ಆ ಕೆಲಸ ಕೊಡುವವರಿಗೆ ತಾನೇ ಮೊದಲು ಬರೆದಳು. ಅದನ್ನು ಕಳಿಸಿದ ಮೇಲೆಯೇ ಕೋಟು ಬಿಚ್ಚಿದಳು.

ಗೋಡೆ

ಮುಂಜಾನೆ ಆಫೀಸಿನಲ್ಲಿ ನಾವು ಮೂವರೂ ಪೆಟ್ಟಿಗೆಗಳ ನಡುವೆ ನೆಲದ ಮೇಲೆ ಕೂತೆವು. ಬಿರ್ಗಿಟ್ಟವ್ವ ಕತ್ತರಿಯಿಂದ ಚೀಟಿ ಕತ್ತರಿಸಿದರು, ಭಾಗ್ಯಾ ಪುಸ್ತಕ ತೆರೆದು ಹಿಡಿದಳು, ನಾನು ಅಂಟು ಹಚ್ಚಿದೆ. ಚೀಟಿಯಲ್ಲಿ ಏನಿದೆ ಅಂತ ಓದಿಸಿದೆ. "ಕೊನೆಯ ಅಧ್ಯಾಯದ ಗ್ಯಾಲಕ್ಸಿ ಸತ್ತಿದೆ ಎಂದು ಬರೆದಿದ್ದೇನೆ. ಅದು ಸತ್ತಿಲ್ಲ, ಧೂಳಿನಿಂದ ಮುಚ್ಚಿದೆ. ಧೂಳಿಗೆ ನಾನು ಹಾಕಿದ ಮಿತಿ ಸರಿಯಿರಲಿಲ್ಲ. ತಪ್ಪು ನನ್ನದು." ಕೊನೆಯ ಎರಡು ಮಾತನ್ನು ಯಾರೂ ಹಾಗೆ ಬರೆಯುವುದಿಲ್ಲ, ತೆಗೆದರೂ ನಡೆಯುತ್ತದೆ ಅಂತ ಬಿರ್ಗಿಟ್ಟವ್ವ ಅಂದರಂತೆ. ಇವಳು ತೆಗೆದಿರಲಿಲ್ಲ.

ಗೋಡೆಯ ಮುಂದೆ ಇಪ್ಪತ್ತು ಮಂದಿ ಸೇರಿದ್ದರು, ಎಲ್ಲರ ಕೈಯಲ್ಲೂ ಕಾಫಿ. ಹಳೆಯ ಮೊಳೆಗಳ ತೂತುಗಳಿಂದ ಗೋಡೆಯ ಮರದ ಹಲಗೆ ಜಾಳಿಗೆಯಾಗಿತ್ತು. ಮೊಳೆ ಹೊಡೆಯುವುದೇ ಆದರೆ ರೀತಿಯಿಂದ ಹೊಡೆಯಲಿ ಅಂತ ನಾನು ಕುಂಕುಮದ ಡಬ್ಬಿ ತೆಗೆದೆ. ಸುತ್ತಿಗೆಗೆ ಹಚ್ಚಿದೆ, ಪುಸ್ತಕ ತೆರೆದು ಒಳಹಾಳೆಗೆ ಹಚ್ಚಿದೆ, ಹಣೆಗೆ ಒತ್ತಿಕೊಂಡು ಭಾಗ್ಯಾಳ ಕೈಗೆ ಕೊಟ್ಟೆ. ಚೀಟಿಯ ಮೇಲೂ ಒಂದಿಷ್ಟು ಉದುರಿತು. ಒಬ್ಬ ಉದ್ದನೆಯವನು ಕರವಸ್ತ್ರದಿಂದ ಒರೆಸಲು ಬಂದು ಇಡೀ ಹಾಳೆಗೆ ಬಳಿದುಬಿಟ್ಟ. ಭಾಗ್ಯಾ ಮೂರು ಪೆಟ್ಟು ಹಾಕಿದಳು. ಎರಡನೆಯದು ಬೆರಳಿಗೆ ಬಿತ್ತು. ಎಲ್ಲರೂ ಚಪ್ಪಾಳೆ ತಟ್ಟಿ ಕೇಕ್ ತಿಂದು ಹೋದರು. ನಾಲ್ಕು ವರ್ಷದ ದುಡಿತಕ್ಕೆ ಹತ್ತು ನಿಮಿಷದ ಕಾರ್ಯ. ಒಂದು ವಾಲಗ ಇಲ್ಲ, ಒಂದು ಹಾಡು ಇಲ್ಲ.

ಮನೆಗೆ ಬರುವ ಬಸ್ಸಿನಲ್ಲಿ ಅವಳ ಫೋನಿಗೆ ಉತ್ತರ ಬಂತು. ಕೆಲಸದ ವಿಷಯ ಪರೀಕ್ಷೆ ಆದ ಮೇಲೆ ಮಾತಾಡೋಣ ಅಂತ.

"ಅಂದ್ರ?"

"ಅಂದ್ರ ಇಲ್ಲ ಅಂತ."

ಹಾಗೇ ಆಯಿತು, ಆ ಕೆಲಸ ಹೋಯಿತು. ಈಗ ಬಿರ್ಗಿಟ್ಟವ್ವನ ಹತ್ತಿರವೇ ಒಂದು ವರ್ಷದ ಮಟ್ಟಿಗೆ ಇದ್ದಾಳೆ, ಧೂಳು ಅಳೆಯುತ್ತ. ಅಂದು ಬಸ್ಸಿನಲ್ಲಿ ನಾನು ಹೇಳಿದ್ದೆನಲ್ಲ ಅನ್ನಬೇಕು ಅಂತ ಬಾಯಿಗೆ ಬಂದಿತ್ತು. ಅವಳು ಕಿಟಕಿಗೆ ತಲೆ ಆನಿಸಿ, ಬೆರಳಿಗೆ ಕೇಕಿನ ಪೇಪರು ಸುತ್ತಿಕೊಂಡು ನಿದ್ದೆ ಹೋಗಿದ್ದಳು. ಬಂದ ದಿನದಿಂದ ಅವಳು ಹಾಗೆ ನಿದ್ದೆ ಮಾಡಿದ್ದನ್ನು ನಾನು ನೋಡಿರಲಿಲ್ಲ. ಅನ್ನಲಿಲ್ಲ.

ಮರುದಿನ ಮುಂಜಾನೆ

ಎದ್ದವಳೇ ಭಾಗ್ಯಾಳನ್ನು ಎಬ್ಬಿಸಿ, ನಿನ್ನ ಅಪ್ಪನಿಗೆ ಫೋನ್ ಹಚ್ಚು ಅಂದೆ. ಅಲ್ಲಿ ಮಧ್ಯಾಹ್ನ. ಹಣಮಂತ ಕಾಣಕೋಣದಲ್ಲಿ ಬಸ್ಸು ನಿಲ್ಲಿಸಿಕೊಂಡು ಪ್ರವಾಸಿಗಳು ಸಮುದ್ರದಿಂದ ಬರಲಿ ಅಂತ ಕಾಯುತ್ತಿದ್ದ.

"ಏನ್ರೀ ಅತ್ತಿ, ಆರಾಮ ಇದ್ದೀರಿಲ್ರಿ? ಭಾಗ್ಯಾಗ ಏನರ ಆತೇನ್ರಿ?"

"ಏನೂ ಆಗಿಲ್ಲ. ಕೇಳ್ರಿಲ್ಲೆ. ಅವತ್ತ ನೀವು ಮುದುಕ ಇರ್ಲಿಲ್ಲ. ಧೂಳಿತ್ತು. ನಾ ತಪ್ಪ ಹೇಳಿದೆ."

ಆ ಕಡೆ ಯಾರೋ ಹಾರ್ನ್ ಹೊಡೆದರು, ನಾಯಿ ಬೊಗಳಿತು. ಫೋನನ್ನು ಕಿವಿಗೆ ಇನ್ನೂ ಒತ್ತಿ ಹಿಡಿದೆ.

"ಈಗ ಮುದುಕ ಆಗೇನ್ರೀ ಅತ್ತಿ" ಅಂದ.

"ಆಗ್ರಿ. ನಾ ಬಂದ ದಿನ ಡ್ಯೂಟಿ ಮುಗಿಸಿ ಸೀದಾ ಮನಿಗೆ ಬರ್ರಿ. ಜಳಕಾ ಮಾಡಬ್ಯಾಡ್ರಿ. ರೊಟ್ಟಿ ಆರತಾವ."

ಅವನ ಮಾತಿಗೆ ಕಾಯದೆ ಫೋನ್ ಭಾಗ್ಯಾಳ ಕೈಗೆ ಕೊಟ್ಟೆ. ಬಟ್ಟೆಯ ಗಂಟು ಕಟ್ಟಿಕೊಂಡು ಕೆಳಗೆ ತೊಳೆಯುವ ಕೋಣೆಗೆ ಹೋದೆ. ಅಂದು ಪಾಳಿ ನಮ್ಮದೇ ಇತ್ತು, ಹಲಗೆ ನೋಡಿಕೊಂಡೇ ಹೋಗಿದ್ದೆ.